ಮೈ ವಾಸನೆಯಿಂದ ರೋಗ ಪತ್ತೆ ಮಾಡುವ ಯಂತ್ರಗಳ ಸಂಶೋಧನೆಗೆ ದುಡ್ಡು ಯಾರು ಕೊಡ್ತಾರೆ?

ಶುರುವಿನಲ್ಲಿ ಕಂಪನಿಗಳಿಗಿಂತ ಜಾಸ್ತಿ ಮುಂದೆ ಬರುವುದು ದತ್ತಿ ಸಂಸ್ಥೆಗಳು ಮತ್ತು ಸರ್ಕಾರಿ ಅನುದಾನ. ಲಾಭ ಯಾವಾಗ ಬರುತ್ತೋ ಗೊತ್ತಿಲ್ಲದ ಕೆಲಸಕ್ಕೆ ಬಂಡವಾಳ ಹಾಕುವವರು ಕಮ್ಮಿ, ಅಲ್ವಾ?

ಕೈಕಾಲು ನಡುಗಿಸುವ, ಚಲನೆ ನಿಧಾನ ಮಾಡುವ ಮಿದುಳಿನ ರೋಗ ಪಾರ್ಕಿನ್ಸನ್ಸ್‌ನ ಕಥೆ ನೋಡಿ. ಸ್ಕಾಟ್ಲೆಂಡಿನ ನರ್ಸ್ ಜಾಯ್ ಮಿಲ್ನ್ ಅವರಿಗೆ ಗಂಡನ ಮೈ ವಾಸನೆ ಬದಲಾದದ್ದು ಕಾಯಿಲೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಗೊತ್ತಾಗಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದವರು ಜನ ತೊಟ್ಟು ಬಿಚ್ಚಿದ ಟೀ ಶರ್ಟ್‌ಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ರೋಗಿಗಳ ಶರ್ಟ್‌ಗಳನ್ನೆಲ್ಲ ಆಕೆ ಸರಿಯಾಗಿ ಗುರುತಿಸಿದರು. ಜೊತೆಗೆ ಆರೋಗ್ಯವಂತ ಅಂದುಕೊಂಡಿದ್ದ ಒಬ್ಬರ ಶರ್ಟ್‌ಗೂ ‘ಇದರಲ್ಲೂ ಇದೆ’ ಅಂದರು. ಸಂಶೋಧಕರು ಅದನ್ನು ತಪ್ಪು ಅಂತ ಬರೆದುಕೊಂಡರು. ಕೆಲವೇ ತಿಂಗಳಲ್ಲಿ ಆ ಶರ್ಟ್ ತೊಟ್ಟವರಿಗೂ ಪಾರ್ಕಿನ್ಸನ್ಸ್ ಇರುವುದು ಗೊತ್ತಾಯಿತು!

ಆಮೇಲೆ ಮ್ಯಾಂಚೆಸ್ಟರ್‌ನಲ್ಲಿ ವಿಜ್ಞಾನಿ ಪರ್ಡಿಟಾ ಬ್ಯಾರನ್ ಅವರ ತಂಡ ರೋಗಿಗಳ ಬೆನ್ನಿನ ಮೇಲ್ಭಾಗದ ಜಿಡ್ಡನ್ನು ಒರೆಸಿ ತೆಗೆದು, ಅಣುಗಳ ತೂಕ ಅಳೆದು ಯಾವ ರಾಸಾಯನಿಕ ಅಂತ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಹಾಕಿ ನೋಡಿತು. ವ್ಯತ್ಯಾಸ ತೋರಿಸುವ ಕೆಲವು ರಾಸಾಯನಿಕಗಳನ್ನು 2019ರಲ್ಲಿ ಪ್ರಕಟಿಸಿತು. ಇದಕ್ಕೆ ನೆರವು ಕೊಟ್ಟವರಲ್ಲಿ ಪಾರ್ಕಿನ್ಸನ್ಸ್ ಯುಕೆ ಮತ್ತು ಅಮೆರಿಕದ ಮೈಕಲ್ ಜೆ. ಫಾಕ್ಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಗಳು ಇದ್ದವು.

ನಮ್ಮ ದೇಶದಲ್ಲೂ ಉದಾಹರಣೆ ಇದೆ. ಉಸಿರಿನಿಂದ ಕ್ಷಯ ಪತ್ತೆ ಮಾಡುವ ‘ಎಲೆಕ್ಟ್ರಾನಿಕ್ ಮೂಗು’ ಎಂಬ ಯಂತ್ರಕ್ಕಾಗಿ ದೆಹಲಿಯ ಐಸಿಜಿಇಬಿ ಎಂಬ ಜೈವಿಕ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ 2011ರಲ್ಲಿ ಗೇಟ್ಸ್ ಫೌಂಡೇಶನ್ ಮತ್ತು ಕೆನಡಾ ಸರ್ಕಾರದ ನೆರವಿನ ಗ್ರ್ಯಾಂಡ್ ಚಾಲೆಂಜಸ್ ಕೆನಡಾ ಸಂಸ್ಥೆ ಅನುದಾನ ಘೋಷಿಸಿದ್ದವು.

ನನ್ನ ಪ್ರಕಾರ ದುಡ್ಡು ಜಾಸ್ತಿ ಬೇಕಾಗುವುದು ಯಂತ್ರಕ್ಕಲ್ಲ, ಅದನ್ನು ನಂಬಬಹುದು ಅಂತ ತೋರಿಸೋದಕ್ಕೆ. ತಿಂದ ಬೆಳ್ಳುಳ್ಳಿ, ಹಚ್ಚಿದ ಸೋಪು, ನುಂಗಿದ ಮಾತ್ರೆ, ಎಲ್ಲವೂ ವಾಸನೆಯನ್ನು ಬದಲಾಯಿಸುತ್ತವೆ. ಹಾಗಾಗಿ ಬೇರೆ ಬೇರೆ ಊರಿನ, ಬೇರೆ ಬೇರೆ ಊಟದ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಲೇಬೇಕು.