ಜನನಾಂಗದ ಹರ್ಪಿಸ್: ಯಾರಿಂದ ಬಂತು ಎಂಬ ಪ್ರಶ್ನೆ

ಪ್ರಶ್ನೆ: ನಾನು ಗದಗ ಜಿಲ್ಲೆಯ 28 ವರ್ಷದ ಗೃಹಿಣಿ. ಮದುವೆಯಾಗಿ ನಾಲ್ಕು ವರ್ಷವಾಗಿದೆ. ಕಳೆದ ತಿಂಗಳು ಗುಪ್ತಾಂಗದಲ್ಲಿ ನೀರುಗುಳ್ಳೆಗಳೆದ್ದು, ಒಡೆದು ಹುಣ್ಣಾದವು. ಜ್ವರವೂ ಉರಿಮೂತ್ರವೂ ಇದ್ದವು. ವೈದ್ಯರು ಹರ್ಪಿಸ್ ಎಂದರು. ಪತಿಗೆ ಯಾವ ಲಕ್ಷಣವೂ ಇಲ್ಲದ ಕಾರಣ ನನ್ನ ಮೇಲೆಯೇ ಅನುಮಾನ ಬಂದಿದೆ. ಇದು ಗುಣವಾಗುವುದೇ? ನಾನು ತಾಯಿಯಾಗಬಹುದೇ?

ಉತ್ತರ: ಸಹೋದರಿ, ಮೊದಲು ಅನುಮಾನದ ಮಾತನ್ನೇ ತೆಗೆದುಕೊಳ್ಳುತ್ತೇನೆ. ಗುಳ್ಳೆಗಳು ಈಗ ಕಾಣಿಸಿಕೊಂಡಿವೆ ಎಂದ ಮಾತ್ರಕ್ಕೆ ಸೋಂಕು ಈಗಲೇ ತಗುಲಿತೆಂದು ಹೇಳಲು ಬರುವುದಿಲ್ಲ. ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ ಲಕ್ಷಣ ಕಾಣುವುದು ವಾಡಿಕೆಯಾದರೂ, ಹರ್ಪಿಸ್ ಉಂಟುಮಾಡುವ ವೈರಾಣು ಬೆನ್ನಹುರಿಯ ಕೆಳಭಾಗದ ನರಗಂಟುಗಳಲ್ಲಿ ಸೇರಿಕೊಂಡು, ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಮೊದಲ ಬಾರಿಗೆ ಗುಳ್ಳೆಯಾಗಿ ಹೊರಬರುವುದೂ ಉಂಟು. ಸೋಂಕಿರುವ ಬಹುಪಾಲು ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಗುಳ್ಳೆಯಿಲ್ಲದ ದಿನಗಳಲ್ಲೂ ಅವರ ಚರ್ಮದಿಂದ ಸಂಗಾತಿಗೆ ಸೋಂಕು ದಾಟಬಲ್ಲದು. ಬಾಯಿ, ತುಟಿಯ ಸುತ್ತ ಗುಳ್ಳೆ ಎಬ್ಬಿಸುವ ಒಂದನೇ ಬಗೆಯ ಹರ್ಪಿಸ್ ವೈರಾಣುವೂ ಬಾಯಿಯ ಸಂಪರ್ಕದಿಂದ ಜನನಾಂಗಕ್ಕೆ ಬರುತ್ತದೆ. ಆದ್ದರಿಂದ ಸೋಂಕು ಯಾವಾಗ, ಯಾರಿಂದ ಬಂತೆಂಬುದನ್ನು ಯಾವ ರಕ್ತಪರೀಕ್ಷೆಯೂ ತೀರ್ಮಾನಿಸಲಾರದು. ಐಜಿಎಂ ಎಂಬ ರಕ್ತಪರೀಕ್ಷೆಯಿಂದ ಹೊಸ ಸೋಂಕು ತಿಳಿಯುತ್ತದೆಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ. ಹುಣ್ಣು ಹರ್ಪಿಸ್ ಹೌದೇ ಎಂದು ತಿಳಿಯಲು ನಂಬಬಹುದಾದದ್ದು ಹಸಿ ಹುಣ್ಣಿನ ದ್ರವದಲ್ಲಿ ವೈರಾಣುವನ್ನೇ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ. ಈ ಕಾಯಿಲೆಯನ್ನು ನಡತೆಗೆ ಸಾಕ್ಷಿ ಮಾಡುವುದು ಅನ್ಯಾಯವೆಂದು ನಾನು ಖಚಿತವಾಗಿ ಹೇಳುತ್ತೇನೆ. ಈ ಉತ್ತರವನ್ನು ಪತಿಯವರಿಗೂ ಓದಿಸಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 15ರಿಂದ 49 ವರ್ಷದೊಳಗಿನ ಸುಮಾರು 84.6 ಕೋಟಿ ಜನರಲ್ಲಿ ಜನನಾಂಗದ ಹರ್ಪಿಸ್ ಸೋಂಕಿದೆ.

ವೈರಾಣುವನ್ನು ದೇಹದಿಂದ ಪೂರ್ತಿ ಹೊರಹಾಕುವ ಔಷಧ ಇನ್ನೂ ಇಲ್ಲ. ‘ಬೇರುಸಹಿತ ಗುಣ’ ಎಂದು ಬಸ್ ನಿಲ್ದಾಣದ ಗೋಡೆಗಳಿಗೆ ಚೀಟಿ ಅಂಟಿಸುವವರ ಬಳಿ ಹೋಗಬೇಡಿ. ಎಸೈಕ್ಲೊವಿರ್ ಮಾತ್ರೆಯನ್ನು ಲಕ್ಷಣ ಶುರುವಾದ ಕೂಡಲೇ ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಹುಣ್ಣು ಬೇಗ ಮಾಯುತ್ತದೆ. ಮೊದಲ ಸಲದಷ್ಟು ತೀವ್ರತೆ ಮುಂದೆ ಸಾಮಾನ್ಯವಾಗಿ ಇರುವುದಿಲ್ಲ. ಮೇಲಿಂದ ಮೇಲೆ ಮರುಕಳಿಸಿದರೆ ದಿನವೂ ತೆಗೆದುಕೊಳ್ಳುವ ಮಾತ್ರೆಯಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು. ಗುಳ್ಳೆ ಏಳುವ ಮುನ್ನ ಬರುವ ಜುಮುಗುಡುವಿಕೆ ಆರಂಭವಾದಾಗಿನಿಂದ ಹುಣ್ಣು ಪೂರ್ತಿ ಒಣಗುವವರೆಗೆ ಲೈಂಗಿಕ ಸಂಪರ್ಕ ಬೇಡ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದ ಸೋಂಕು ಹರಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ, ಗೋಪ್ಯ. ಗದಗದಲ್ಲಿ ಗುರುತಿನವರು ಕಂಡಾರೆಂಬ ಅಳುಕಿದ್ದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಇಬ್ಬರೂ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ, ಏಕೆಂದರೆ ಹರ್ಪಿಸ್ ಇರುವವರಿಗೆ ಎಚ್‌ಐವಿ ತಗುಲುವ ಸಾಧ್ಯತೆ ಹೆಚ್ಚು.

ನೀವು ಖಂಡಿತ ತಾಯಿಯಾಗಬಹುದು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ಸೋಂಕು ತಗುಲಿದರೆ ಕೂಸಿಗೆ ಅಪಾಯ ದೊಡ್ಡದು. ಮೊದಲೇ ಸೋಂಕಿದ್ದವರಲ್ಲಿ ತಾಯಿಯ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಕೂಸನ್ನು ಕಾಯುವುದರಿಂದ ಆ ಅಪಾಯ ಬಹಳ ಕಡಿಮೆ. ಬಸಿರಾದಾಗ ಹೆರಿಗೆ ವೈದ್ಯರಿಂದ ಇದನ್ನು ಮುಚ್ಚಿಡಬೇಡಿ. ಅವರು 36ನೇ ವಾರದಿಂದ ಮಾತ್ರೆ ಕೊಡಬಹುದು; ಹೆರಿಗೆ ನೋವು ಬಂದಾಗ ಹುಣ್ಣುಗಳಿದ್ದರೆ ಸಿಸೇರಿಯನ್‌ಗೆ ಸಲಹೆ ನೀಡುತ್ತಾರೆ, ಇಲ್ಲದಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ.