ಅಮೆಜಾನ್ ಸಂದರ್ಶನ: ಬದಿಯಡ್ಕದವರ ಪ್ರಶ್ನೆಗೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅಮೆಜಾನ್‌ನ ಸಾಫ್ಟ್‌ವೇರ್ ಕೆಲಸದ ಸಂದರ್ಶನದಲ್ಲಿ ಇಂಗ್ಲಿಷ್ ತೊಡಕಾಗುತ್ತದೆಯೇ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಿಂದಲೇ ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ.

ನಾನು ಮಂಜೇಶ್ವರದವನು, ನಿಮ್ಮಂತೆಯೇ ಕನ್ನಡ ಶಾಲೆಯವನು. ತುಳು, ಮಲಯಾಳ, ಕನ್ನಡಗಳ ನಡುವೆ ದಿನವಿಡೀ ಓಡಾಡುವ ನಮಗೆ ಇನ್ನೊಂದು ಭಾಷೆ ಅಷ್ಟೇನೂ ಭಾರವಲ್ಲ. ಕೆಡಿಸುವುದು ಮೌನ. ಬೇರೊಂದು ಕಂಪನಿಯಲ್ಲಿ ಇಪ್ಪತ್ತು ನಿಮಿಷ ತುಟಿ ಬಿಚ್ಚದೆ ಕೋಡ್ ಬರೆದೆ. ಉತ್ತರ ಸರಿಯಿತ್ತು, ಕೆಲಸ ಸಿಗಲಿಲ್ಲ. ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತಲೇ ಬರೆಯಿರಿ.

ಅಮೆಜಾನ್‌ನವರಿಗೆ 16 ನಾಯಕತ್ವ ತತ್ವಗಳಿವೆ. ಕೋಡಿಂಗ್ ಜೊತೆಗೆ ಅವುಗಳ ಮೇಲೂ ಕೆದಕುತ್ತಾರೆ: ಎಲ್ಲಿ ಸೋತಿರಿ, ಮೇಲಿನವರ ಮಾತನ್ನು ಯಾವಾಗ ಒಪ್ಪಲಿಲ್ಲ, ಹೀಗೆ. 'ನಾವು ಮಾಡಿದೆವು' ಎನ್ನಬೇಡಿ, 'ನಾನು' ಎನ್ನಿ. ನಮ್ಮೂರಿನಲ್ಲಿ ಅದು ಜಂಬವೆನಿಸಬಹುದು, ನನಗೂ ನಾಲಿಗೆ ಹೊರಳಲು ತಿಂಗಳು ಹಿಡಿಯಿತು. ನಿಮ್ಮನ್ನು ತೆಗೆದುಕೊಳ್ಳುವ ತಂಡಕ್ಕೆ ಸೇರದ, ನೇಮಕಾತಿಯ ಮಟ್ಟ ಇಳಿಯದಂತೆ ನೋಡಿಕೊಳ್ಳುವ 'ಬಾರ್ ರೈಸರ್' ಒಬ್ಬರು ಕುಳಿತಿರುತ್ತಾರೆ. ಅವರ ಮಾತಿಗೆ ತೂಕ ಹೆಚ್ಚು.

ಮನೆಯಿಂದ ಕೆಲಸದ ಆಸೆ ಬಿಡಿ. 2025ರ ಜನವರಿಯಿಂದ ಅಲ್ಲಿ ವಾರಕ್ಕೆ ಐದು ದಿನ ಕಚೇರಿ ಎಂಬ ನಿಯಮವಿದೆ. ಅಡಿಕೆ ತೋಟಕ್ಕೆ ನೀರು ಬಿಡುವುದು ರಜೆಯಲ್ಲಿ ಮಾತ್ರ. ಆನ್-ಕಾಲ್ ಸರದಿ, ಅಂದರೆ ವ್ಯವಸ್ಥೆ ಕೆಟ್ಟಾಗ ಕರೆ ಬಂದೊಡನೆ ಸರಿಪಡಿಸುವ ಪಾಳಿ, ಬಂದರೆ ರಾತ್ರಿ ಎರಡಕ್ಕೂ ಏಳಬೇಕಾದೀತು. ಸರದಿ ಎಷ್ಟು ವಾರಕ್ಕೊಮ್ಮೆ ಎಂದು ಸಂದರ್ಶನದ ಕೊನೆಯಲ್ಲಿ ನೀವೇ ಕೇಳಿ, ಸಂಕೋಚ ಬೇಡ.