ಮಿಯಾಟಾ ಹಾರ್ಡ್‌ಟಾಪ್: ನೇತುಹಾಕೋದಾ, ಒರಗಿಸೋದಾ?

ನಿಮ್ಮ ಹಳೇ ಮಿಯಾಟಾದ (ಮಾಜ್ದಾ ಕಂಪನಿಯ ಎರಡು ಸೀಟಿನ ಓಪನ್ ಕಾರು) ಹಾರ್ಡ್‌ಟಾಪನ್ನು, ಅಂದರೆ ಬಿಚ್ಚಿಡಬಹುದಾದ ಗಟ್ಟಿ ಮೇಲ್ಭಾಗವನ್ನು, ಬೇಸಿಗೆಗೆ ಗರಾಜಿನ ಛಾವಣಿಗೆ ನೇತುಹಾಕಬೇಕಾ, ಗೋಡೆಗೆ ಒರಗಿಸಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಒಂದೇ ಕಾರಿನ ಗರಾಜು ಅಂದಮೇಲೆ ನೇತುಹಾಕೋದೇ ವಾಸಿ. ಒರಗಿಸಿದರೆ ಸುಮಾರು 20 ಕೆಜಿ ಭಾರ ಪೂರ್ತಿ ಒಂದೇ ಅಂಚಿನ ರಬ್ಬರ್ ಮೇಲೆ ಬೀಳುತ್ತೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ರಬ್ಬರ್ ಚಪ್ಪಟೆಯಾಗುತ್ತೆ, ಆಮೇಲೆ ಮಳೆ ಬಂದಾಗ ನೀರು ನೇರ ತೊಡೆ ಮೇಲೆ.

ಕೊಕ್ಕೆಯನ್ನು ಛಾವಣಿಯ ಬರೀ ಡ್ರೈವಾಲ್‌ಗೆ (ಜಿಪ್ಸಮ್ ಹಲಗೆಗೆ) ತಿರುಗಿಸಬೇಡಿ, ಅದರ ಹಿಂದಿರೋ ಮರದ ತೊಲೆ ಹುಡುಕಿ. ಹಗ್ಗ ಬೇಡ, ಅಗಲವಾದ ಪಟ್ಟಿ ತಗೊಳ್ಳಿ. ಟಾಪ್ ಮೇಲೆತ್ತೋ ರಾಟೆ ಕೈಕೊಟ್ಟರೂ ಅದು ಕಾರಿನ ಮೇಲೆ ಬೀಳದ ಹಾಗೆ ಬೇರೆ ಕೊಕ್ಕೆಗೆ ಇನ್ನೊಂದು ಪಟ್ಟಿ ಇರಲಿ.

ಮುಖ್ಯವಾದದ್ದು: ಗರಾಜಿನ ಬಾಗಿಲು ತೆರೆದಾಗ ಛಾವಣಿಯ ಕೆಳಗೇ ಸರಿದು ಬರೋದಾದರೆ, ಅದನ್ನು ಪೂರ್ತಿ ಮೇಲೆತ್ತಿ ಆಮೇಲೆ ಅಳತೆ ತೆಗೀರಿ. ನಾನು ಬಾಗಿಲು ಮುಚ್ಚಿಕೊಂಡು ಅಳೆದು, ಟಾಪ್ ಕಟ್ಟಿ, ಖುಷಿಯಲ್ಲಿ ರಿಮೋಟ್ ಒತ್ತಿದೆ. ಹಿಂದಿನ ಗಾಜಿನ ಪಕ್ಕ ಒಂದು ಗೇಣು ಉದ್ದದ ಗೀರು ಇವತ್ತಿಗೂ ಇದೆ. ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಅದನ್ನು ತೋರಿಸದೆ ಬಿಡಲ್ಲ.

ಬಿಚ್ಚೋವಾಗ ಇಬ್ಬರು ಬೇಕೇ ಬೇಕು. ಹಿಂದಿನ ಗಾಜಿಗೆ ಡಿಫಾಗರ್ (ಗಾಜಿನ ಮಂಜು ಕರಗಿಸೋ ಬಿಸಿ ತಂತಿ) ಇದ್ದರೆ, ಎತ್ತೋ ಮೊದಲೇ ಅದರ ವೈರ್ ಕಳಚಿ. ಬೋಲ್ಟುಗಳನ್ನೆಲ್ಲ ಒಂದು ಜಿಪ್ ಚೀಲಕ್ಕೆ ಹಾಕಿ ಟಾಪ್‌ಗೇ ಕಟ್ಟಿಬಿಡಿ. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಪೆಟ್ರೋಲಿಯಂ ಜೆಲ್ಲಿ ಬೇಡ. ಮುಚ್ಚೋಕೆ ಹಳೇ ಕಾಟನ್ ಬೆಡ್‌ಶೀಟ್ ಸಾಕು; ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತೆ.